ಮಿಗ್ ಬೆಸುಗೆಯ ದೋಷ ಪತ್ತೆ: ತಂತಿಯ ಗಾತ್ರದಿಂದ ಆರಂಭಿಸುವ ಕ್ರಮ

ಮಲೆನಾಡಿನ ವೆಲ್ಡಿಂಗ್ ಶಾಪ್‌ಗಳಿಗೆ ಬರುವ ಕೆಲಸ ಒಂದೇ ಬಗೆಯದಲ್ಲ. ಅಡಿಕೆ ಒಣಗಿಸುವ ಅಂಗಳದ ಚಾವಣಿಗೆ 2 ಮಿ.ಮೀ. ಗೋಡೆಯ ಚೌಕ ಪೈಪು, ಅಡಿಕೆ ಸುಲಿಯುವ ಯಂತ್ರದ ಚೌಕಟ್ಟಿಗೆ 5 ಮಿ.ಮೀ. ಆಂಗಲ್, ಬಿರುಕು ಬಿಟ್ಟ ಟ್ರೇಲರಿನ ಚಾನೆಲ್, ಮನೆಯ ಗೇಟಿಗೆ 16 ಗೇಜಿನ ತಗಡು, ಇವೆಲ್ಲವೂ ಒಂದೇ ವಾರದಲ್ಲಿ ಒಂದೇ ಮಿಗ್ ಯಂತ್ರದ, ಅಂದರೆ ಗ್ಯಾಸಿನ ರಕ್ಷಣೆಯಲ್ಲಿ ಎಡೆಬಿಡದೆ ಬರುವ ತಂತಿಯನ್ನು ಕರಗಿಸಿ ಬೆಸೆಯುವ ಯಂತ್ರದ, ಮುಂದೆ ಬಂದು ನಿಲ್ಲುತ್ತವೆ. ಯಂತ್ರದೊಳಗಿನ ತಂತಿ ಸುತ್ತಿದ ಸ್ಪೂಲ್ ಮಾತ್ರ ಬದಲಾಗುವುದಿಲ್ಲ. ಮೊದಲ ದಿನ ಅಂಗಡಿಯಲ್ಲಿ ಸಿಕ್ಕ ತಂತಿ ಮುಗಿಯುವವರೆಗೂ ಅದರಲ್ಲೇ ಎಲ್ಲ ಕೆಲಸವೂ ನಡೆಯುತ್ತದೆ. ಬೆಸುಗೆ ಕೆಟ್ಟಾಗ ವೋಲ್ಟೇಜಿನ ಗುಂಡಿಯನ್ನು ತಿರುಗಿಸಿ, ಗ್ಯಾಸಿನವರನ್ನು ದೂರಿ, ಕೊನೆಗೆ ಯಂತ್ರವೇ ಸರಿಯಿಲ್ಲವೆಂದು ತೀರ್ಮಾನಿಸುವುದು ನಡೆದುಬಂದ ರೂಢಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಈ ಹುಡುಕಾಟ ತಲೆಕೆಳಗಾಗಿದೆ. ಮಿಗ್ ಬೆಸುಗೆಯಲ್ಲಿ ಕರೆಂಟ್, ಶಾಖ, ತಂತಿ ಹರಿಯುವ ವೇಗ ಮೂರೂ ತಂತಿಯ ದಪ್ಪಕ್ಕೆ ಕಟ್ಟುಬಿದ್ದಿರುವುದರಿಂದ, ದೋಷದ ಪತ್ತೆ ಅಲ್ಲಿಂದಲೇ ಆರಂಭವಾಗಬೇಕು.

ಈ ಬರಹ ಸಾಮಾನ್ಯ ಮೈಲ್ಡ್ ಸ್ಟೀಲ್, ತಾಮ್ರದ ಲೇಪವಿರುವ ಇಆರ್70ಎಸ್-6 ಬಗೆಯ ಘನ ತಂತಿ, ಮತ್ತು ಇಂಗಾಲದ ಡೈಆಕ್ಸೈಡ್ ಅಥವಾ ಅದರೊಡನೆ ಆರ್ಗಾನ್ ಬೆರೆಸಿದ ಗ್ಯಾಸ್, ಇವುಗಳಿಗೆ ಸೀಮಿತವಾಗಿದೆ. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಕೆಲಸಗಳ ಲೆಕ್ಕಾಚಾರ ಬೇರೆಯಾದ್ದರಿಂದ ಅವನ್ನು ಇಲ್ಲಿ ತಂದಿಲ್ಲ.

ಮೊದಲು ಅಳತೆ, ಆಮೇಲೆ ಊಹೆ

ಮೊಟ್ಟಮೊದಲು ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ, ಅದಿಲ್ಲದಿದ್ದರೆ ಒಳ್ಳೆಯ ವರ್ನಿಯರ್‌ನಿಂದ ಅಳೆಯಬೇಕು. ಸ್ಪೂಲಿನ ಚೀಟಿ ಹರಿದಿರುತ್ತದೆ ಅಥವಾ ಹಳೆಯ ಸ್ಪೂಲಿನ ಮೇಲೆ ಬೇರೆ ತಂತಿ ಸುತ್ತಿರುತ್ತದೆ, 0.8 ಮತ್ತು 1.0 ಮಿ.ಮೀ. ತಂತಿಗಳ ವ್ಯತ್ಯಾಸವನ್ನು ಬರಿಗಣ್ಣಿನಿಂದ ಹೇಳುವುದು ಅನುಭವಿಗಳಿಗೂ ಕಷ್ಟ. ಅದೇ ಹೊತ್ತಿನಲ್ಲಿ ಟಾರ್ಚಿನ ತುದಿಯಲ್ಲಿ ತಂತಿ ಹೊರಬರುವ ಟಿಪ್ಪಿನ ಮೇಲೆ ಒತ್ತಿರುವ ಅಂಕಿಯನ್ನೂ, ತಂತಿ ತಳ್ಳುವ ಫೀಡರಿನ ರೋಲರ್ ಪಕ್ಕದಲ್ಲಿ ಕೆತ್ತಿರುವ ಅಂಕಿಯನ್ನೂ ಓದಬೇಕು. ಈ ಮೂರು ಅಂಕಿಗಳು ಹೊಂದದಿದ್ದರೆ ಮುಂದಿನ ಯಾವ ಪರೀಕ್ಷೆಯೂ ನಂಬಿಕೆಗೆ ಅರ್ಹವಲ್ಲ.

ಎರಡನೆಯದು, ನಿಜವಾಗಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದು. ಮಿಗ್ ಯಂತ್ರ ವೋಲ್ಟೇಜನ್ನು ಸ್ಥಿರವಾಗಿಟ್ಟು, ಬಂದಷ್ಟು ತಂತಿಯನ್ನು ಕರಗಿಸಲು ಬೇಕಾದಷ್ಟು ಕರೆಂಟನ್ನು ತಾನೇ ಕೊಡುತ್ತದೆ. ಆದ್ದರಿಂದ ತಂತಿಯ ವೇಗ ತಿಳಿದರೆ ಕರೆಂಟ್ ತಿಳಿದಂತೆ. ಮೀಟರ್ ಇಲ್ಲದ ಯಂತ್ರಗಳಲ್ಲಿ ಇದಕ್ಕೊಂದು ಸರಳ ಉಪಾಯವಿದೆ. ಗ್ಯಾಸ್ ಮುಚ್ಚಿ, ಟಾರ್ಚನ್ನು ಜಾಬಿನಿಂದಲೂ (ಬೆಸೆಯುವ ಉಕ್ಕಿನಿಂದಲೂ) ಅರ್ತಿಂಗ್ ಕ್ಲಾಂಪಿನಿಂದಲೂ ದೂರ ಹಿಡಿದು, ತಂತಿಯನ್ನು ಟಿಪ್ಪಿನ ಮಟ್ಟಕ್ಕೆ ಕತ್ತರಿಸಿ, ಸರಿಯಾಗಿ 6 ಸೆಕೆಂಡು ಟ್ರಿಗರ್ ಒತ್ತಬೇಕು. ಟ್ರಿಗರ್ ಒತ್ತಿದಾಗ ತಂತಿಯಲ್ಲಿ ವಿದ್ಯುತ್ ಇರುತ್ತದೆಂಬುದನ್ನು ಮರೆಯಬಾರದು. ಯಂತ್ರದಲ್ಲಿ ಇಂಚಿಂಗ್ ಗುಂಡಿ (ಕರೆಂಟ್ ಹರಿಸದೆ ತಂತಿ ಮಾತ್ರ ತಳ್ಳುವ ಗುಂಡಿ) ಇದ್ದು ಅದು ಕೆಲಸದ ವೇಗದಲ್ಲೇ ತಂತಿ ತಳ್ಳುವಂತಿದ್ದರೆ ಅದನ್ನೇ ಬಳಸುವುದು ಮೇಲು. ಹೊರಬಂದ ತಂತಿಯನ್ನು ಸೆಂಟಿಮೀಟರಿನಲ್ಲಿ ಅಳೆದು, 0.8 ಮಿ.ಮೀ. ತಂತಿಯಾದರೆ 2ರಿಂದ, 1.0 ಮಿ.ಮೀ. ಆದರೆ 3ರಿಂದ, 1.2 ಮಿ.ಮೀ. ಆದರೆ 4ರಿಂದ ಗುಣಿಸಿದರೆ ಸಿಗುವುದು ಸರಿಸುಮಾರು ಆಂಪಿಯರ್. ಅಂದರೆ 0.8ರ ತಂತಿ 60 ಸೆಂ.ಮೀ. ಬಂದರೂ, 1.2ರ ತಂತಿ 30 ಸೆಂ.ಮೀ. ಬಂದರೂ ಕರೆಂಟ್ 120 ಆಂಪಿಯರ್ ಆಸುಪಾಸಿನಲ್ಲೇ ಇರುತ್ತದೆ. ಇದು ಒರಟು ಲೆಕ್ಕವೇ ಆದರೂ ದೋಷ ಪತ್ತೆಗೆ ಧಾರಾಳವಾಗಿ ಸಾಕಾಗುತ್ತದೆ.

ಮೂರನೆಯದು, ಕೆಲಸ ಬೇಡುವ ಕರೆಂಟ್. ತೆಳು ಮತ್ತು ಮಧ್ಯಮ ದಪ್ಪದ ಉಕ್ಕಿಗೆ ಪ್ರತಿ ಮಿಲಿಮೀಟರಿಗೆ 40 ಆಂಪಿಯರ್ ಎಂದು ಹಿಡಿದರೆ 2 ಮಿ.ಮೀ. ಪೈಪಿಗೆ 80, 3 ಮಿ.ಮೀ. ತಗಡಿಗೆ 120, 5 ಮಿ.ಮೀ. ಆಂಗಲ್ಲಿಗೆ ಒಂದೇ ಪಾಸಿನಲ್ಲಿ (ಒಂದೇ ಎಳೆತದಲ್ಲಿ) 200 ಆಂಪಿಯರ್ ಬೇಕಾಗುತ್ತದೆ. ಇದರ ಎದುರು ತಂತಿಯ ವ್ಯಾಪ್ತಿಯನ್ನು ಇಟ್ಟು ನೋಡಬೇಕು: 0.6 ಮಿ.ಮೀ. ತಂತಿ ಸುಮಾರು 30ರಿಂದ 90 ಆಂಪಿಯರ್‌ವರೆಗೆ, 0.8 ಮಿ.ಮೀ. ಸುಮಾರು 50ರಿಂದ 160ರವರೆಗೆ, 1.0 ಮಿ.ಮೀ. ಸುಮಾರು 80ರಿಂದ 220ರವರೆಗೆ, 1.2 ಮಿ.ಮೀ. ಸುಮಾರು 120ರಿಂದ 300ರವರೆಗೆ ನೆಮ್ಮದಿಯಾಗಿ ನಡೆಯುತ್ತವೆ. ಕೆಲಸ ಬೇಡುವ ಕರೆಂಟ್ ತಂತಿಯ ವ್ಯಾಪ್ತಿಯೊಳಗೆ ಬೀಳಬೇಕು, ಮತ್ತು ಯಂತ್ರ ಆ ಕರೆಂಟನ್ನು ಆ ಜಾಗದ ವಿದ್ಯುತ್ತಿನಲ್ಲಿ ನಿಜವಾಗಿ ಕೊಡುವಂತಿರಬೇಕು. ಈ ಎರಡು ಷರತ್ತುಗಳಲ್ಲಿ ಒಂದು ಮುರಿದಾಗ ಕಾಣಿಸಿಕೊಳ್ಳುವ ರೂಪಗಳೇ ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು.

ನೋಡಲು ಚೆಂದ, ಹೊಡೆದರೆ ಕಿತ್ತುಬರುವ ಬೆಸುಗೆ

ಎಲ್ಲ ದೋಷಗಳಲ್ಲಿ ಅಪಾಯಕಾರಿಯಾದುದು ಇದು, ಏಕೆಂದರೆ ಇದು ಕಣ್ಣಿಗೆ ದೋಷವಾಗಿ ಕಾಣುವುದಿಲ್ಲ. ಬೀಡ್ (ಬೆಸುಗೆಯ ಗೆರೆ) ಉಬ್ಬಿ ನಿಂತಿರುತ್ತದೆ, ಅಲೆಗಳು ಕ್ರಮವಾಗಿರುತ್ತವೆ, ಗ್ರೈಂಡ್ ಮಾಡಿ ಬಣ್ಣ ಹೊಡೆದರೆ ಗಿರಾಕಿಗೂ ತೃಪ್ತಿಯಾಗುತ್ತದೆ. ಆದರೆ ಕಲ್ಲಿನ ಮೇಲೆ ಬಿದ್ದ ಮೇಣದ ಹನಿ ಮೇಲೆಯೇ ಗಟ್ಟಿಯಾಗುವಂತೆ, ಕರಗಿದ ತಂತಿ ತಾಯಿ ಲೋಹದೊಡನೆ, ಅಂದರೆ ಬೆಸೆಯುವ ಉಕ್ಕಿನೊಡನೆ, ಬೆರೆಯದೆ ಅದರ ಮೇಲೆ ಕೂತಿರುತ್ತದೆ. ಅಂಗಳದ ಚಾವಣಿಯ ಟ್ರಸ್ ಆದರೆ ಮೊದಲ ಜೋರು ಗಾಳಿಮಳೆಗೆ, ಟ್ರೇಲರ್ ಆದರೆ ಘಾಟಿಯ ಮೊದಲ ಗುಂಡಿಗೆ ಆ ಕೀಲು ಬಿಡುತ್ತದೆ.

ಇದನ್ನು ಪತ್ತೆ ಮಾಡಲು ಜಾಬನ್ನು ನೋಡುವುದರಿಂದ ಪ್ರಯೋಜನವಿಲ್ಲ. ಒಂದು ತುಂಡನ್ನು ಮುರಿಯಲೇಬೇಕು. ಜಾಬಿನಷ್ಟೇ ದಪ್ಪದ ಎರಡು ಪಟ್ಟಿಗಳನ್ನು, ತಲಾ 10 ಸೆಂ.ಮೀ. ಉದ್ದದವನ್ನು, ಒಂದನ್ನು ಮಲಗಿಸಿ ಅದರ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಎಂದಿನ ಸೆಟ್ಟಿಂಗಿನಲ್ಲೇ ಒಂದೇ ಪಕ್ಕಕ್ಕೆ ಬೆಸುಗೆ ಹಾಕಬೇಕು. ತಣ್ಣಗಾದ ಮೇಲೆ ಕೆಳಗಿನ ಪಟ್ಟಿಯನ್ನು ವೈಸಿನಲ್ಲಿ ಹಿಡಿದು, ನಿಂತಿರುವ ಪಟ್ಟಿಯನ್ನು ಬೆಸುಗೆಯ ಕಡೆಗೆ ಬಾಗುವಂತೆ ಸುತ್ತಿಗೆಯಿಂದ ಹೊಡೆಯಬೇಕು. ಹೀಗೆ ಹೊಡೆದಾಗ ಬೆಸುಗೆಯ ಬೇರಿನ (ಒಳತುದಿಯ) ಕಡೆ ಬಾಯಿ ತೆರೆಯುತ್ತದೆ. ಮುರಿದ ಜಾಗ ಒರಟಾಗಿ ಹರಿದಿದ್ದರೆ ಬೆಸುಗೆ ಹಿಡಿದಿದೆ. ಅಲ್ಲಿ ನುಣುಪು ಮೈಯೂ, ಗ್ರೈಂಡರಿನ ಹಳೆಯ ಗೀರುಗಳೂ, ಉಕ್ಕಿನ ಕರಿ ಪದರವೂ ಹಾಗೆಯೇ ಕಾಣಿಸಿದರೆ, ಆ ಜಾಗದಲ್ಲಿ ತಾಯಿ ಲೋಹ ಕರಗಿಯೇ ಇಲ್ಲವೆಂದು ಅರ್ಥ.

ಈಗ 6 ಸೆಕೆಂಡಿನ ಅಳತೆಗೆ ಮರಳಬೇಕು. ತಂತಿ 1.2 ಮಿ.ಮೀ. ಆಗಿದ್ದು, ಲೆಕ್ಕ 90 ಅಥವಾ 100 ಆಂಪಿಯರ್ ಎಂದು ಹೇಳಿದರೆ ಕಾರಣ ಸಿಕ್ಕಿತು. 1.2ರ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 1.13 ಚದರ ಮಿ.ಮೀ., 0.8ರದ್ದು 0.50; ಅಂದರೆ ದಪ್ಪ ಒಂದೂವರೆ ಪಟ್ಟಾದರೂ ಲೋಹ ಎರಡೂಕಾಲು ಪಟ್ಟು. ಅದೇ 100 ಆಂಪಿಯರ್ 0.8ರಲ್ಲಿ ಹರಿದರೆ ಚದರ ಮಿಲಿಮೀಟರಿಗೆ 200 ಆಂಪಿಯರ್ ಕರೆಂಟಿನ ಬಿಗಿ ಬರುತ್ತದೆ, 1.2ರಲ್ಲಿ 90ಕ್ಕಿಂತ ಕಡಿಮೆ. ಬಿಗಿ ಕಡಿಮೆಯಾದಾಗ ತಂತಿಯ ತುದಿ ತಡವಾಗಿ, ದೊಡ್ಡ ಹನಿಯಾಗಿ ಕರಗುತ್ತದೆ. ಹನಿ ಜಾಬಿಗೆ ತಾಗಿ ಆರ್ಕ್ (ತಂತಿಗೂ ಜಾಬಿಗೂ ನಡುವಿನ ವಿದ್ಯುತ್ ಜ್ವಾಲೆ) ಆರಿ ಮತ್ತೆ ಹೊತ್ತಿಕೊಳ್ಳುವ ಲಯ ನಿಧಾನವಾಗಿ ತಪ್ಪತೊಡಗುತ್ತದೆ. ಆರ್ಕ್ ಹರಡಿಕೊಂಡು ಒಂದೆಡೆ ಆಳಕ್ಕೆ ಇಳಿಯುವುದಿಲ್ಲ. ಹೀಗೆ ತಾಗಿ, ಆರಿ, ಹೊತ್ತುತ್ತ ಸಾಗುವ ಶಾರ್ಟ್ ಸರ್ಕ್ಯೂಟ್ ಬೆಸುಗೆ ಸರಿಯಾಗಿದ್ದರೆ ಅದರ ಸದ್ದು ಒಂದೇ ಸಮನೆ ಚಟಪಟಗುಟ್ಟುತ್ತದೆ. ಇಲ್ಲಿ ಕೇಳುವುದು ಬಿಟ್ಟುಬಿಟ್ಟು ಬರುವ ಪಟ್ ಪಟ್ ಎಂಬ ಸದ್ದು, ಕೈಗೆ ತಿಳಿಯುವುದು ತಂತಿ ಜಾಬನ್ನು ಕುಕ್ಕುವ ಅನುಭವ. ಕಿವಿಯನ್ನು ಇದಕ್ಕೆ ಪಳಗಿಸಿಕೊಂಡ ವೆಲ್ಡರಿಗೆ ಅರ್ಧ ಪತ್ತೆ ಅಲ್ಲೇ ಮುಗಿಯುತ್ತದೆ.

ಹಾಗಾದರೆ 1.2ರಲ್ಲೇ ವೇಗ ಹೆಚ್ಚಿಸಿ 200 ಆಂಪಿಯರ್‌ಗೆ ಒಯ್ಯಬಾರದೇ ಎಂಬ ಪ್ರಶ್ನೆ ಸಹಜ. ಜಾಬು 5 ಮಿ.ಮೀ. ಇದ್ದು, ಯಂತ್ರ ಆ ಕರೆಂಟನ್ನು ಎಡೆಬಿಡದೆ ಕೊಡುವಂತಿದ್ದರೆ ಒಯ್ಯಬಹುದು, ಒಯ್ಯಬೇಕು. ಜಾಬು 2 ಮಿ.ಮೀ. ಆಗಿದ್ದರೆ ತೂತು ಬೀಳುತ್ತದೆ. ಯಂತ್ರ ಸಿಂಗಲ್ ಫೇಸಿನ 200 ಆಂಪಿಯರ್‌ದಾಗಿದ್ದರೆ ಅದರ ಮೇಲ್ತುದಿಯಲ್ಲಿ ದಿನವಿಡೀ ದುಡಿಸಿದಂತಾಗುತ್ತದೆ. ಯಂತ್ರದ ಮೇಲಿನ ಹೆಸರುಪಟ್ಟಿಯಲ್ಲಿ 200 ಆಂಪಿಯರ್‌ಗೆ ಶೇ. 60 ಡ್ಯೂಟಿ ಸೈಕಲ್ ಎಂದಿದ್ದರೆ, ಆ ಕರೆಂಟಿನಲ್ಲಿ ಪ್ರತಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಬೆಸುಗೆ ಹಾಕಬಹುದೆಂದು ತಿಳಿಯಬೇಕು.

ಇದೇ ಲಕ್ಷಣವನ್ನು ಉಂಟುಮಾಡುವ ಬೇರೆ ಮೂರು ಕಾರಣಗಳಿದ್ದು, ತಂತಿಯ ಮೇಲೆ ಆರೋಪ ಹೊರಿಸುವ ಮುನ್ನ ಅವನ್ನು ತಳ್ಳಿಹಾಕಬೇಕು. ಟಿಪ್ಪಿನಿಂದ ತಂತಿ ಹೊರಚಾಚಿರುವ ಉದ್ದ 10ರಿಂದ 12 ಮಿ.ಮೀ. ಇರಬೇಕಾದ ಕಡೆ 20 ಮಿ.ಮೀ. ಆಗಿದ್ದರೆ, ತಂತಿಯ ವೇಗ ಅಷ್ಟೇ ಇದ್ದರೂ ಕರೆಂಟ್ ಗಣನೀಯವಾಗಿ ಇಳಿಯುತ್ತದೆ, ಮತ್ತು 6 ಸೆಕೆಂಡಿನ ಲೆಕ್ಕ ಈ ಇಳಿಕೆಯನ್ನು ತೋರಿಸುವುದಿಲ್ಲ. ನೆಟ್ಟಗೆ ನಿಂತ ಕೀಲಿಗೆ ಮೇಲಿಂದ ಕೆಳಕ್ಕೆ ಬೆಸುಗೆ ಹಾಕಿದರೆ ಕರಗಿದ ಲೋಹ ಆರ್ಕಿಗಿಂತ ಮುಂದೆ ಜಾರಿ, ಆರ್ಕ್ ತಾಯಿ ಲೋಹವನ್ನು ಮುಟ್ಟುವುದೇ ಇಲ್ಲ. ತೆಳು ತಗಡಿಗೆ ಈ ಪದ್ಧತಿ ಸರಿ, ಭಾರ ಹೊರುವ ದಪ್ಪ ಕೀಲಿಗೆ ಸರಿಯಲ್ಲ. ಮೂರನೆಯದು, ಗ್ರೈಂಡ್ ಮಾಡದೆ ಬಿಟ್ಟ ಕರಿ ಪದರ, ತುಕ್ಕು ಮತ್ತು ಹಳೆಯ ಬಣ್ಣ.

ದೋಷ ಇನ್ನೊಂದು ತುದಿಯಲ್ಲಿಯೂ ಇರಬಹುದು. 10 ಮಿ.ಮೀ. ಪ್ಲೇಟಿಗೆ 0.8ರ ತಂತಿಯಿಂದ ಒಂದೇ ಪಾಸು ಎಳೆದರೂ ಮುರಿದ ತುಂಡಿನಲ್ಲಿ ಇದೇ ನುಣುಪು ಮೈ ಕಾಣುತ್ತದೆ. ಅಲ್ಲಿ ತಂತಿ ಸಣ್ಣದಾಯಿತು. ದಪ್ಪ ಪ್ಲೇಟು ಶಾಖವನ್ನು ಹೀರುವಷ್ಟು ಬೇಗ 150 ಆಂಪಿಯರ್ ಅದನ್ನು ಕೊಡಲಾರದು. ಅಂಚನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ ಹಲವು ಪಾಸುಗಳಲ್ಲಿ ತುಂಬಬಹುದಾದರೂ, ಅಂಥ ಕೆಲಸ ಪದೇ ಪದೇ ಬರುವುದಾದರೆ ಥ್ರೀ ಫೇಸ್ ಯಂತ್ರವೂ 1.2ರ ತಂತಿಯೂ ಬೇಕು. ಶಿವಮೊಗ್ಗ ಬಳಿಯ ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶದ ಭಾರಿ ಫ್ಯಾಬ್ರಿಕೇಷನ್ ಕೆಲಸಕ್ಕೆ 1.2ರ ತಂತಿ ಹೊಂದುವುದು ಅಲ್ಲಿನ ಪ್ಲೇಟಿನ ದಪ್ಪ, ಯಂತ್ರ ಮತ್ತು ವಿದ್ಯುತ್ ಸಂಪರ್ಕದ ಬಲದಿಂದ. ಅದನ್ನೇ ನೋಡಿ ತೀರ್ಥಹಳ್ಳಿ, ಹೊಸನಗರದ ಗೇಟು ಕೆಲಸದವರು 1.2 ತರುವುದರಲ್ಲಿ ಅರ್ಥವಿಲ್ಲ. ದಪ್ಪ ತಂತಿಯ ಕಿಲೋ ಬೆಲೆ ತೆಳು ತಂತಿಗಿಂತ ಸಾಮಾನ್ಯವಾಗಿ ಕಡಿಮೆ ಎಂಬುದು ನಿಜ. ಆದರೆ ಒಂದು ಕೀಲು ಬಿಟ್ಟು ಮತ್ತೆ ಹೋಗಿ ಹಾಕಿಕೊಡುವ ಖರ್ಚಿನ ಮುಂದೆ ಆ ಉಳಿತಾಯ ಲೆಕ್ಕಕ್ಕೆ ಬರುವುದಿಲ್ಲ.

ತೆಳು ಪೈಪಿನಲ್ಲಿ ತೂತು

16 ಗೇಜು ಎಂದರೆ ಸುಮಾರು 1.6 ಮಿ.ಮೀ.; ಅದು ಬೇಡುವುದು 65 ಆಂಪಿಯರ್. 1.2ರ ತಂತಿಯಲ್ಲಿ ಅಷ್ಟು ಕೆಳಗೆ ಇಳಿದರೆ ಫೀಡರ್ ನಿಮಿಷಕ್ಕೆ ಒಂದೂಮುಕ್ಕಾಲು ಮೀಟರಿಗೂ ಕಡಿಮೆ ತಂತಿ ಕೊಡಬೇಕಾಗುತ್ತದೆ, ಆ ವೇಗದಲ್ಲಿ ಎಷ್ಟೋ ಫೀಡರುಗಳ ಮೋಟಾರ್ ಸಮನಾಗಿ ತಿರುಗುವುದೇ ಇಲ್ಲ. ಆರ್ಕ್ ಹೊತ್ತಲಿಲ್ಲವೆಂದು ವೋಲ್ಟೇಜ್ ಏರಿಸಿದರೆ ಹನಿ ಬೆಳೆದು, ಬಿದ್ದ ಕಡೆ ಪೈಪಿನ ಗೋಡೆಯೇ ಕರಗಿ ಕುಸಿಯುತ್ತದೆ. ವೋಲ್ಟೇಜನ್ನು ಇಳಿಸಿದರೆ ಕುಕ್ಕುತ್ತದೆ, ಏರಿಸಿದರೆ ತೂತು ಬೀಳುತ್ತದೆ, ನಡುವೆ ನೆಮ್ಮದಿಯ ಜಾಗವೇ ಇಲ್ಲ ಎಂಬ ದೂರು ಬಂದರೆ ಅದು ಬಹುತೇಕ ಖಚಿತವಾಗಿ ದೊಡ್ಡ ತಂತಿಯ ದೂರು. 0.8ಕ್ಕೆ ಬದಲಿಸಿದಾಗ ಅದೇ ಪೈಪಿನಲ್ಲಿ ಸೆಟ್ಟಿಂಗಿಗೆ ಎರಡೂ ಕಡೆ ಸಾಕಷ್ಟು ಅವಕಾಶ ಸಿಗುತ್ತದೆ. 20 ಗೇಜಿನ, ಅಂದರೆ 0.9 ಮಿ.ಮೀ. ತಗಡಿನ ಕೆಲಸವೇ ಹೆಚ್ಚಾಗಿರುವ ವಾಹನ ದೇಹದ ದುರಸ್ತಿಗಾರರಿಗೆ 0.6ರ ತಂತಿ ಇನ್ನೂ ಒಳ್ಳೆಯದು.

ವೋಲ್ಟೇಜನ್ನು ಎಲ್ಲಿಂದ ಆರಂಭಿಸಬೇಕೆಂಬುದಕ್ಕೆ ಪ್ರಚಲಿತ ಸೂತ್ರವೊಂದಿದೆ: ಆಂಪಿಯರಿನ ಇಪ್ಪತ್ತರಲ್ಲೊಂದು ಭಾಗಕ್ಕೆ 14 ಕೂಡಿಸಬೇಕು. 80 ಆಂಪಿಯರ್‌ಗೆ 18 ವೋಲ್ಟ್, 120ಕ್ಕೆ 20, 160ಕ್ಕೆ 22. ಆರ್ಗಾನ್ ಮಿಶ್ರಣದಲ್ಲಿ ಇದಕ್ಕಿಂತ ಒಂದೆರಡು ವೋಲ್ಟ್ ಕೆಳಗೆ ಇಳಿಸಬೇಕಾಗಬಹುದು. ಹೊಂದಿಸುವಾಗ ಒಂದೇ ಗುಂಡಿಯನ್ನು ಮುಟ್ಟಿ, ಬೆಸುಗೆ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟಬೇಕು.

ವಿದ್ಯುತ್ತಿನ ಕೊರತೆಯೋ, ತಂತಿಯ ದೋಷವೋ

ಶಿವಮೊಗ್ಗದ ಶೆಡ್ಡಿನಲ್ಲಿ ಸರಿಯಾಗಿ ನಡೆದ ಯಂತ್ರ ಆಗುಂಬೆಯ ಕಡೆಯ ತೋಟದ ಮನೆಯಲ್ಲಿ ಕೆಟ್ಟ ಬೆಸುಗೆ ಹಾಕಿತೆಂಬುದು ನಮ್ಮ ಭಾಗದಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತು, ಮತ್ತು ಅದಕ್ಕೆ ಗಟ್ಟಿಯಾದ ಕಾರಣವಿದೆ. 200 ಆಂಪಿಯರ್, 24 ವೋಲ್ಟ್ ಎಂದರೆ ಆರ್ಕಿನಲ್ಲೇ 4.8 ಕಿಲೋವ್ಯಾಟ್, ಯಂತ್ರದೊಳಗಿನ ನಷ್ಟ ಸೇರಿದರೆ 230 ವೋಲ್ಟಿನ ಸಿಂಗಲ್ ಫೇಸಿನಿಂದ 25 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಮನೆಯ 16 ಆಂಪಿಯರಿನ ಸಾಕೆಟ್ ಇದಕ್ಕೆ ತಕ್ಕುದಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರದ ಲೈನಿನಲ್ಲಿ ವೋಲ್ಟೇಜ್ ಮೊದಲೇ ಸೊರಗಿರುತ್ತದೆ. ಅದರ ಮೇಲೆ 2.5 ಚದರ ಮಿ.ಮೀ. ತಾಮ್ರದ 50 ಮೀಟರ್ ಉದ್ದದ ಕೇಬಲ್ ಎಳೆದರೆ, ಹೋಗುವ ಮತ್ತು ಬರುವ ತಂತಿ ಸೇರಿ, 25 ಆಂಪಿಯರ್ ಹರಿಯುವಾಗ ಕೇಬಲ್ ಒಂದರಲ್ಲೇ ಸುಮಾರು 18 ವೋಲ್ಟ್ ಹೋಗುತ್ತದೆ.

ಪರೀಕ್ಷೆ ಸರಳ. ಯಂತ್ರದ ಒಳಬರುವ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು, ಮೊದಲು ಸುಮ್ಮನಿರುವಾಗ, ಆಮೇಲೆ ಇನ್ನೊಬ್ಬರು ಬೆಸುಗೆ ಹಾಕುತ್ತಿರುವಾಗ ಓದಬೇಕು. ವಿದ್ಯುತ್ ಕೆಲಸ ಬಲ್ಲವರು ಮಾತ್ರ ಇದನ್ನು ಮಾಡಬೇಕು. ಟ್ಯಾಪ್ ಬದಲಿಸುವ ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರದಲ್ಲಿ ಒಳಗೆ ಹತ್ತರಲ್ಲೊಂದು ಭಾಗ ಇಳಿದರೆ ಹೊರಗೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ: 20 ವೋಲ್ಟಿನ ಆರ್ಕಿಗೆ 18 ಮಾತ್ರ ಸಿಗುತ್ತದೆ. ಫೀಡರಿನ ಮೋಟಾರಿಗೆ ಪ್ರತ್ಯೇಕ ನಿಯಂತ್ರಣ ಇರುವ ಯಂತ್ರಗಳಲ್ಲಿ ತಂತಿ ಮಾತ್ರ ಹಳೆಯ ವೇಗದಲ್ಲೇ ಬರುತ್ತಿರುವುದರಿಂದ, ಕರಗುವುದಕ್ಕಿಂತ ಬೇಗ ಬಂದ ತಂತಿ ಜಾಬನ್ನು ಕುಕ್ಕತೊಡಗುತ್ತದೆ. ಇನ್ವರ್ಟರ್ ಯಂತ್ರ ಒಂದು ಮಿತಿಯವರೆಗೆ ಈ ಇಳಿಕೆಯನ್ನು ತಾನೇ ಸರಿದೂಗಿಸಿ, ಮಿತಿ ಮೀರಿದಾಗ ದೀಪ ಹೊತ್ತಿಸಿ ನಿಂತುಬಿಡುತ್ತದೆ.

ತಂತಿಯ ಆಯ್ಕೆಗೂ ಇದಕ್ಕೂ ನೇರ ಸಂಬಂಧವಿದೆ. 1.2ರ ತಂತಿಯಲ್ಲಿ 120 ಆಂಪಿಯರಿನ ಹೊಸ್ತಿಲ ಮೇಲೆ ನಡೆಯುತ್ತಿದ್ದ ಬೆಸುಗೆ ಸ್ವಲ್ಪ ವೋಲ್ಟೇಜ್ ಇಳಿದರೂ ವ್ಯಾಪ್ತಿಯಿಂದ ಹೊರಬೀಳುತ್ತದೆ, 0.8ರಲ್ಲಿ ಅದೇ 120 ಆಂಪಿಯರ್ ವ್ಯಾಪ್ತಿಯ ನಡುವೆಯೇ ಇರುವುದರಿಂದ ಇಳಿಕೆಯನ್ನು ತಡೆದುಕೊಳ್ಳುತ್ತದೆ. ಹೊರಗಿನ ಸ್ಥಳಗಳಿಗೆ ಯಂತ್ರ ಒಯ್ಯುವವರು 0.8ರ ತಂತಿಯನ್ನೂ, ಕನಿಷ್ಠ 6 ಚದರ ಮಿ.ಮೀ. ಕೇಬಲನ್ನೂ ಒಯ್ಯಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ತಂತಿ ಗಂಟಾಗುವುದು, ತಡೆತಡೆದು ಬರುವುದು, ಟಿಪ್ಪಿಗೆ ಅಂಟುವುದು

ಇವು ಮೂರೂ ತಂತಿ ಸಾಗುವ ದಾರಿಯ ದೋಷಗಳು. ಗಾತ್ರ ಬದಲಿಸಿದ ಮೊದಲ ದಿನವೇ ಕಾಣಿಸಿಕೊಂಡರೆ ಬಹುಶಃ ಬದಲಾವಣೆಯನ್ನು ಅರ್ಧಕ್ಕೆ ಬಿಡಲಾಗಿದೆ. 1.2ರ ರೋಲರ್ ಗಾಡಿಯಲ್ಲಿ (ರೋಲರಿನ ಮೇಲೆ ತಂತಿ ಕೂರುವ ತೋಡಿನಲ್ಲಿ) 0.8ರ ತಂತಿ ಹಾಕಿದರೆ ಹಿಡಿತ ಸಿಗದೆ ಜಾರುತ್ತದೆ. ಜಾರಿತೆಂದು ಒತ್ತುವ ಸ್ಪ್ರಿಂಗನ್ನು ಬಿಗಿದರೆ ತಂತಿ ಚಪ್ಪಟೆಯಾಗಿ, ತಾಮ್ರದ ಪುಡಿ ಉದುರಿ, ಟಾರ್ಚ್ ಕೇಬಲಿನೊಳಗೆ ತಂತಿ ಸಾಗುವ ಕೊಳವೆಯಾದ ಲೈನರ್ ತುಂಬಿಕೊಳ್ಳುತ್ತದೆ. 1.2ರ ಲೈನರಿನಲ್ಲಿ 0.8ರ ತಂತಿ ಹಾವಿನಂತೆ ಅಂಕುಡೊಂಕಾಗಿ ಸಾಗಿ ಮಧ್ಯೆ ನಿಂತು ನಿಂತು ಬರುತ್ತದೆ. ಲೈನರಿನ ಹೊರಬಣ್ಣವನ್ನು ನೋಡಿ ಗಾತ್ರ ಗುರುತಿಸಬಹುದು: ನೀಲಿ ಸಾಮಾನ್ಯವಾಗಿ 0.6ರಿಂದ 0.8ಕ್ಕೆ, ಕೆಂಪು 1.0ರಿಂದ 1.2ಕ್ಕೆ. 0.8ರ ತಂತಿಗೆ 1.0ರ ಟಿಪ್ಪು ಹಾಕಿದರೆ ತಂತಿ ರಂಧ್ರದೊಳಗೆ ಅಲುಗಾಡಿ, ಕರೆಂಟ್ ಒಮ್ಮೆ ಹತ್ತಿ ಒಮ್ಮೆ ತಪ್ಪಿ, ಒಳಗೇ ಕಿಡಿ ಹಾರಿ ಅಂಟಿಕೊಳ್ಳುತ್ತದೆ. ಆದ್ದರಿಂದ ಗಾತ್ರ ಬದಲಿಸುವುದೆಂದರೆ ತಂತಿ, ಟಿಪ್ಪು, ರೋಲರ್ ಗಾಡಿ, ಲೈನರ್ ನಾಲ್ಕನ್ನೂ ಬದಲಿಸುವುದು. ಘನ ತಂತಿಗೆ ವಿ ಆಕಾರದ ನುಣುಪು ಗಾಡಿ ಬೇಕು. ಹಲ್ಲುಗಳಿರುವ ಗಾಡಿ ಫ್ಲಕ್ಸ್ ತುಂಬಿದ ತಂತಿಗೆ ಮಾತ್ರ.

ರೋಲರಿನ ಒತ್ತಡ ಸರಿಯಿದೆಯೇ ಎಂದು ನೋಡಲು ಟಾರ್ಚಿನ ತುದಿಯನ್ನು ಒಣ ಮರದ ತುಂಡಿನಿಂದ ಐದಾರು ಸೆಂಟಿಮೀಟರ್ ದೂರ, ಓರೆಯಾಗಿ ಹಿಡಿದು ತಂತಿ ಬಿಡಬೇಕು. ತಂತಿ ಮರಕ್ಕೆ ತಾಗಿ ಸುರುಳಿಯಾಗುತ್ತಾ ಬಂದರೆ ಒತ್ತಡ ಸಾಕು. ಒಳಗೆ ರೋಲರ್ ಜಾರಿದರೆ ಕಾಲು ಸುತ್ತು ಬಿಗಿಮಾಡಿ ಮತ್ತೆ ನೋಡಬೇಕು. ಇಷ್ಟಾದರೂ ಫೀಡರಿನ ಬಳಿ ತಂತಿ ಗಂಟಾಗುತ್ತಿದ್ದರೆ ಟಾರ್ಚಿನ ಟಿಪ್ಪನ್ನು ಬಿಚ್ಚಿ ತಂತಿ ಬಿಡಿ. ಆಗ ಸರಾಗವಾಗಿ ಬಂದರೆ ದೋಷ ಟಿಪ್ಪಿನಲ್ಲಿ, ಬರದಿದ್ದರೆ ಲೈನರಿನಲ್ಲಿ ಅಥವಾ ಟಾರ್ಚ್ ಕೇಬಲಿನ ಮಡಿಕೆಯಲ್ಲಿ. ತೆಳು ತಂತಿ ಮೆತ್ತಗಿರುವುದರಿಂದ ಉದ್ದನೆಯ ಟಾರ್ಚಿನಲ್ಲಿ ಈ ತೊಂದರೆ ಹೆಚ್ಚು, 0.8ಕ್ಕೆ 3 ಮೀಟರಿನ ಟಾರ್ಚ್ ಸಾಕು, 5 ಮೀಟರಿನದು ಅನಿವಾರ್ಯವಾದರೆ 1.0ರ ತಂತಿ ಮೇಲು.

ಸ್ಪ್ಯಾಟರ್ ಮತ್ತು ತೂತುತೂತಾದ ಬೀಡ್

ಸ್ಪ್ಯಾಟರನ್ನು, ಅಂದರೆ ಸುತ್ತ ಸಿಡಿಯುವ ಲೋಹದ ಹನಿಗಳನ್ನು, ತಂತಿಯ ಗಾತ್ರ ಬದಲಿಸಿ ಕಡಿಮೆ ಮಾಡಬಹುದು, ಆದರೆ ಎಲ್ಲ ಸಲವೂ ಅಲ್ಲ. ಬರೀ ಇಂಗಾಲದ ಡೈಆಕ್ಸೈಡಿನಲ್ಲಿ ಕರೆಂಟ್ ಎಷ್ಟೇ ಏರಿಸಿದರೂ ಸಣ್ಣ ಹನಿಗಳು ತುಂತುರಾಗಿ ಹೋಗುವ ಸ್ಪ್ರೇ ಸ್ಥಿತಿ ಬರುವುದಿಲ್ಲ, 1.2ರ ತಂತಿಯನ್ನು 25 ವೋಲ್ಟಿಗೆ ಒಯ್ದರೆ ದಪ್ಪ ಹನಿಗಳು ಸಿಡಿಯುವುದು ಆ ಗ್ಯಾಸಿನ ಗುಣ. ಅಲ್ಲಿ ಗ್ಯಾಸ್ ಬದಲಿಸಬೇಕು, ಇಲ್ಲವೇ ತೆಳು ತಂತಿಯಲ್ಲಿ ಶಾರ್ಟ್ ಸರ್ಕ್ಯೂಟ್ ವ್ಯಾಪ್ತಿಗೆ ಇಳಿಯಬೇಕು.

ಬೀಡಿನಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಮಾತ್ರ ಗಾತ್ರದ ದೋಷವಾಗಿರುವುದು ಅಪರೂಪ. ರೆಗ್ಯುಲೇಟರಿನ ಹೀಟರ್ ಕೆಟ್ಟು ಮಂಜುಗಡ್ಡೆ ಕಟ್ಟಿರುವುದು, ತೆರೆದ ಶೆಡ್ಡಿಗೆ ನುಗ್ಗುವ ಮಳೆಗಾಲದ ಗಾಳಿ, ನಾಝಲಿನಲ್ಲಿ ತುಂಬಿದ ಸ್ಪ್ಯಾಟರ್, ಜಿಐ ಪೈಪಿನ ಸತು, ಇವನ್ನು ಮೊದಲು ನೋಡಬೇಕು. ಗ್ಯಾಸಿನ ಹರಿವು ತಂತಿಯ ದಪ್ಪದ ಹತ್ತರಿಂದ ಹನ್ನೆರಡು ಪಟ್ಟು ಲೀಟರ್ ಎಂಬುದು ಬಳಕೆಯ ಲೆಕ್ಕ: 0.8ಕ್ಕೆ ನಿಮಿಷಕ್ಕೆ 8ರಿಂದ 10 ಲೀಟರ್, 1.2ಕ್ಕೆ 12ರಿಂದ 15. ಗಾಳಿಯಿದ್ದರೆ ಹರಿವು ಏರಿಸುವುದಕ್ಕಿಂತ ತಾಡಪಾಲು ಕಟ್ಟುವುದೇ ಪರಿಹಾರ. ಜಿಐ ಪೈಪಿನ ಸತುವನ್ನು ಬೆಸುಗೆಯ ಜಾಗದಲ್ಲಿ ಪೂರ್ತಿ ಉಜ್ಜಿ ತೆಗೆಯಬೇಕು. ಅದರ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆಂಬುದು ಈ ಕಸುಬಿನವರಿಗೆಲ್ಲ ತಿಳಿದಿದ್ದರೂ ಮುಖಗವಸು ಹಾಕುವವರು ಕಡಿಮೆ ಎಂಬುದು ನನಗೆ ಕಳವಳದ ಸಂಗತಿ.

ಯಾವ ಶಾಪಿಗೆ ಯಾವ ತಂತಿ

ಸಿಂಗಲ್ ಫೇಸಿನ 200 ಆಂಪಿಯರ್ ಯಂತ್ರ ಇಟ್ಟುಕೊಂಡು ಗೇಟು, ಗ್ರಿಲ್ಲು, ಚಾವಣಿ, ಅಡಿಕೆ ಯಂತ್ರದ ಚೌಕಟ್ಟು ಮಾಡುವವರಿಗೆ 0.8 ಮಿ.ಮೀ. ತಂತಿಯೇ ಸರಿ. 1.5ರಿಂದ 4 ಮಿ.ಮೀ.ವರೆಗೆ ಅದು ಒಂದೇ ಪಾಸಿನಲ್ಲಿ ಸಲೀಸಾಗಿ ನಡೆಯುತ್ತದೆ, 5ರಿಂದ 6 ಮಿ.ಮೀ.ಗೆ ಅಂಚು ಗ್ರೈಂಡ್ ಮಾಡಿ ಎರಡು ಮೂರು ಪಾಸು ಹಾಕಬೇಕು. ಟ್ರೇಲರ್ ಕೆಲಸ ಸ್ವಲ್ಪ ಬೇರೆ. 100 ಮಿ.ಮೀ. ಚಾನೆಲ್ಲಿನ ನಡುಭಾಗ ಸುಮಾರು 5 ಮಿ.ಮೀ. ಇದ್ದರೂ ಅದರ ರೆಕ್ಕೆಗಳು ಏಳೂವರೆ ಮಿ.ಮೀ. ಹತ್ತಿರ ಇರುವುದರಿಂದ, ನಡುಭಾಗಕ್ಕೆ ಹೊಂದಿಸಿದ ಸೆಟ್ಟಿಂಗಿನಲ್ಲಿ ರೆಕ್ಕೆಯನ್ನು ಬೆಸೆದರೆ ಅದು ಹಿಡಿಯದೆ ಉಳಿಯುತ್ತದೆ. ಇಂಥ ಕೆಲಸವೇ ಮುಖ್ಯವಾಗಿದ್ದು 250 ಆಂಪಿಯರಿನ ಥ್ರೀ ಫೇಸ್ ಯಂತ್ರ ಇರುವವರಿಗೆ 1.0ರ ತಂತಿಯನ್ನು ನಾನು ಸೂಚಿಸುತ್ತೇನೆ. ಅದು ತೆಳು ಕೆಲಸಕ್ಕೂ ಪೂರ್ತಿ ಅನರ್ಹವಾಗುವುದಿಲ್ಲ. 8 ಮಿ.ಮೀ. ಮೇಲ್ಪಟ್ಟ ಪ್ಲೇಟು ನಿತ್ಯದ ಕೆಲಸವಾದಾಗ ಮಾತ್ರ 1.2.

ತೆಳು ತಂತಿಗೆ ಹೋಗುವವರು ಮಳೆಗಾಲದಲ್ಲಿ ಅದರ ರಕ್ಷಣೆಗೂ ಸಿದ್ಧರಿರಬೇಕು. ಒಂದೇ ತೂಕದ ತಂತಿಯಲ್ಲಿ 0.8ರ ಮೈ ವಿಸ್ತೀರ್ಣ 1.2ರದ್ದಕ್ಕಿಂತ ಒಂದೂವರೆ ಪಟ್ಟು ಇರುವುದರಿಂದ, ಅದರ ಮೇಲೆ ಕೂರುವ ತೇವ ಮತ್ತು ತುಕ್ಕು ಬೆಸುಗೆಯೊಳಗೆ ಹೋಗುವ ಪ್ರಮಾಣವೂ ಅಷ್ಟೇ ಹೆಚ್ಚು. ತಾಮ್ರದ ಲೇಪ ಬಹಳ ತೆಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಹವೆಯಲ್ಲಿ ಫೀಡರಿನಲ್ಲೇ ಬಿಟ್ಟ ಸ್ಪೂಲಿನ ಹೊರಸುತ್ತು ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಆ ತಿಂಗಳುಗಳಲ್ಲಿ 15 ಕಿಲೋ ಸ್ಪೂಲಿನ ಬದಲು 5 ಕಿಲೋದ್ದನ್ನು ತರುವುದು, ಸಂಜೆ ಸ್ಪೂಲನ್ನು ಬಿಚ್ಚಿ ಸಿಲಿಕಾ ಜೆಲ್ ಚೀಲದೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡುವುದು ಒಳ್ಳೆಯದು. ಕಂದು ಕಂಡ ಸುತ್ತುಗಳನ್ನು ಬಟ್ಟೆಯಿಂದ ಒರೆಸಿ ಬಳಸದೆ, ಹೊಳಪಿನ ತಂತಿ ಬರುವವರೆಗೆ ಕತ್ತರಿಸಿ ತೆಗೆಯಬೇಕು. ಲೈನರನ್ನು ಗಾಳಿಯಿಂದ ಊದುವ ಮುನ್ನ ಕಂಪ್ರೆಸರಿನ ತೊಟ್ಟಿಯಲ್ಲಿ ನಿಂತ ನೀರನ್ನು ಹೊರಬಿಡಬೇಕು. ಇಲ್ಲದಿದ್ದರೆ ಲೈನರಿನೊಳಗೆ ನೀರೇ ಹೋಗಿ ಸೇರುತ್ತದೆ, ಮತ್ತು ಮರುದಿನ ತಂತಿ ತಡೆತಡೆದು ಬಂದಾಗ ಹುಡುಕಾಟವನ್ನು ಮತ್ತೆ ರೋಲರಿನಿಂದ ಆರಂಭಿಸಬೇಕಾಗುತ್ತದೆ.